ನೆಲಕ್ಕೆ ಕಟ್ಟಿದ ವೈರು

ಉಸ್ತಾದ್ ತೀರಿಕೊಂಡ ಸುದ್ದಿ ನನಗೆ ಹನ್ನೊಂದು ದಿನ ತಡವಾಗಿ ಗೊತ್ತಾಯಿತು. ಅದೂ ಕಾರಿನ ಹಾರ್ನ್ ಕೆಟ್ಟಿತೆಂದು ನಾನಾಗಿಯೇ ಹೋಗಿದ್ದರಿಂದ. ಹೈದರಾಬಾದಿನ ಸನತ್‌ನಗರದ ಕೈಗಾರಿಕಾ ಪ್ರದೇಶದಲ್ಲಿ, ಮುಚ್ಚಿಹೋದ ಎರಕದ ಕಾರ್ಖಾನೆಯೊಂದರ ಕಂಪೌಂಡಿಗೆ ಆನಿಸಿಕೊಂಡು ಅವರ ತಗಡಿನ ಶೆಡ್ಡಿತ್ತು. ಶಟರು ಇಳಿದಿತ್ತು. ಪಕ್ಕದ ಪಂಕ್ಚರ್ ಅಂಗಡಿಯ ಮುದುಕ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ತಲೆ ಎತ್ತದೆಯೇ ತೆಲುಗಿನಲ್ಲಿ, ಅವರು ಹೋಗಿಬಿಟ್ಟರಮ್ಮ, ಎಂದ. ಎಲ್ಲಿಗೆ ಎಂದು ಕೇಳಿದೆ. ಆಗ ಅವನು ತಲೆ ಎತ್ತಿ ನನ್ನನ್ನು ನೋಡಿದ.

ಬೆಳಿಗ್ಗೆ ಶಟರು ಅರ್ಧವೇ ತೆರೆದಿತ್ತಂತೆ. ಚಹಾ ಬಂದರೂ ಉಸ್ತಾದ್ ಹೊರಗೆ ಬರಲಿಲ್ಲವಂತೆ. ಇವನು ಬಗ್ಗಿ ನೋಡಿದಾಗ ಯಾರದೋ ಕಾರಿನ ಡೈನಮೋ ಮುಂದಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದರಂತೆ. ಹೃದಯ ನಿಂತಿದೆ ಎಂದರಂತೆ ಡಾಕ್ಟರು. ಸೊಲ್ಲಾಪುರಕ್ಕೆ ಕೊಟ್ಟ ಮಗಳು ಬಂದು ದೇಹವನ್ನು ಊರಿಗೆ ಒಯ್ದಳು. ಇಷ್ಟು ಹೇಳಿ ಅವನು ಮತ್ತೆ ಟ್ಯೂಬನ್ನು ನೀರಿಗೆ ಅದ್ದಿದ.

ಉಸ್ತಾದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರು ಮಾಡಿದ ಒಂದು ತಪ್ಪು ಆ ಹೆಸರಿಗೆ ಅಂಟಿಕೊಳ್ಳುತ್ತದೆ. ಸರಿಯಾಗಿ ಮಾಡಿದ ಸಾವಿರ ಕೆಲಸಗಳನ್ನು ಯಾರೂ ಕೇಳುವುದಿಲ್ಲ. ಹೈದರಾಬಾದಿನಲ್ಲಿ ಗಾಡಿ ರಿಪೇರಿ ಮಾಡುವ ಹಿರಿಯರನ್ನೆಲ್ಲ ಉಸ್ತಾದ್ ಎಂದೇ ಕರೆಯುತ್ತಾರೆ. ಈ ನಗರದಲ್ಲಿ ಅಂಥ ಉಸ್ತಾದರು ಎಷ್ಟೋ ಜನ ಇರುವುದರಿಂದ, ನನ್ನ ಉಸ್ತಾದರು ಅವರ ನಡುವೆ ಸುರಕ್ಷಿತವಾಗಿ ಇರಲಿ.

ನಾವು ಬಾಗಲಕೋಟೆ ಕಡೆಯವರು. ಯಜಮಾನರ ನೌಕರಿಯ ಹಿಂದೆ ಇಲ್ಲಿಗೆ ಬಂದೆವು. ನಾನು ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ಆಮೇಲೆ ಯಜಮಾನರಿಗೆ ನರಗಳ ಕಾಯಿಲೆ ಬಂತು. ಅದರ ವಿಚಿತ್ರ ಏನೆಂದರೆ, ಬಿಸಿ ತಾಗಿದರೆ ಕಾಲಿನ ಬಲ ಹೋಗುತ್ತದೆ. ತಣ್ಣನೆಯ ಕೋಣೆಯಲ್ಲಿ ಕೋಲೂರಿ ನಡೆಯುವ ಮನುಷ್ಯ, ಬೇಸಿಗೆಯಲ್ಲಿ ಕಾದ ಕಾರಿನೊಳಗೆ ಹತ್ತು ನಿಮಿಷ ಕೂತರೆ ಇಳಿಯುವಾಗ ಪಾದ ಎತ್ತಲಾರರು. ವಾರಕ್ಕೆ ಮೂರು ಸಲ ಫಿಜಿಯೊಥೆರಪಿಗೆ ಕರೆದುಕೊಂಡು ಹೋಗಬೇಕು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಮಗೆ ಸಿಕ್ಕ ಪಾರ್ಕಿಂಗ್ ಜಾಗಕ್ಕೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ನಾನೇ ಮೊದಲು ಇಳಿದು ಏಸಿ ಹಾಕಿ, ಕಾರು ತಣ್ಣಗಾಗುವವರೆಗೆ ಕಾದು, ಮತ್ತೆ ಮೂರನೇ ಮಹಡಿ ಹತ್ತಿ ಅವರನ್ನು ಕರೆತರುತ್ತಿದ್ದೆ. ಹಾಗೆ ಒಮ್ಮೆ ನಾನು ಕೆಳಗಿದ್ದಾಗ ಅವರು ತಾವೇ ಹೊರಡಲು ಹೋಗಿ ಬಾಗಿಲಲ್ಲಿ ಬಿದ್ದರು. ಹಣೆ ಒಡೆಯಿತು.

ಆಗ ಪ್ರಯೋಗಾಲಯದ ಸಹೋದ್ಯೋಗಿಯೊಬ್ಬರು ರಿಮೋಟ್ ಸ್ಟಾರ್ಟರ್ ಬಗ್ಗೆ ಹೇಳಿದರು. ಕಾರಿನ ಕಂಪನಿಯದಲ್ಲ, ಹೊರಗಿನಿಂದ ಕೂಡಿಸುವ ಸಣ್ಣ ಬಾಕ್ಸು. ಡ್ಯಾಶ್‌ಬೋರ್ಡಿನ ಒಳಗೆ ಕೂಡಿಸಿದರೆ, ಮನೆಯಲ್ಲೇ ನಿಂತು ಬಟನ್ ಒತ್ತಿ ಎಂಜಿನ್ನು ಚಾಲೂ ಮಾಡಬಹುದು. ನಾವು ಇಳಿಯುವಷ್ಟರಲ್ಲಿ ಏಸಿ ಕಾರನ್ನು ತಣ್ಣಗೆ ಮಾಡಿರುತ್ತದೆ. ಕಾರು ಅಲಂಕಾರ ಮಾಡುವ ಒಂದು ಅಂಗಡಿಯಲ್ಲಿ ಹಾಕಿಸಿದೆ. ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಬಟನ್ ಒತ್ತಿದರೆ ಎಂಜಿನ್ನು ಎದ್ದು, ಎರಡು ಸೆಕೆಂಡು ಗುರುಗುಟ್ಟಿ ಸಾಯತೊಡಗಿತು. ಅಂಗಡಿಯವರು ಬಾಕ್ಸು ಸರಿಯಿದೆ, ನಿಮ್ಮ ಗಾಡಿಯೇ ಹಳೆಯದು ಎಂದರು. ಸರ್ವಿಸ್ ಸೆಂಟರಿನವರು ಹೊರಗಿನ ಬಾಕ್ಸಿಗೆ ನಾವು ಕೈ ಹಚ್ಚುವುದಿಲ್ಲ ಎಂದರು. ಕೊನೆಗೆ ನಮ್ಮ ಕಾರ್ಖಾನೆಯ ಡ್ರೈವರೊಬ್ಬ ಈ ತಗಡಿನ ಶೆಡ್ಡಿನ ದಾರಿ ಹೇಳಿದ.

ಮೊದಲ ದಿನ ನಾನು ಹಿಂದಿಯಲ್ಲಿ ಎಲ್ಲ ವಿವರಿಸಿದೆ. ಅವರು ಅರವತ್ತರ ಹತ್ತಿರದವರು, ಎತ್ತರದ ಆಳು, ಅಗಲವಾದ ಬೆನ್ನು. ದಖನಿ ಉರ್ದುವಿನಲ್ಲಿ ಎರಡೇ ಮಾತಾಡಿ ಕಾರಿನೊಳಗೆ ತಲೆ ಹಾಕಿದರು. ನನಗೆ ಬಟನ್ ಒತ್ತಲು ಹೇಳಿದರು. ಎಂಜಿನ್ನು ಎದ್ದು ಸತ್ತಿತು. ಇನ್ನೊಮ್ಮೆ ಎಂದರು. ಮೂರನೇ ಸಲಕ್ಕೆ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಸಣ್ಣ ದನಿಯೊಂದು ಕೇಳಿಸಿತು: "ಒಂದ... ಎರಡ..." ಎಂಜಿನ್ನು ಎಷ್ಟು ಹೊತ್ತು ಉಸಿರಾಡುತ್ತದೆ ಎಂದು ಅವರು ಕನ್ನಡದಲ್ಲಿ ಎಣಿಸುತ್ತಿದ್ದರು.

ನೀವು ಕನ್ನಡದವರಾ ಎಂದು ಕೇಳಿದೆ. ತಲೆ ಹೊರಗೆ ಬಂತು. ಶಹಾಪುರದ ಕಡೆಯವರಂತೆ. ಬಂದು ಮೂವತ್ತು ವರ್ಷದ ಮೇಲಾಯಿತಂತೆ. ಹೊರಗೆ ದಖನಿ, ತೆಲುಗು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಕನ್ನಡ ಆಡಲು ಯಾರೂ ಇಲ್ಲವಂತೆ. "ಲೆಕ್ಕ ಮಾತ್ರ ಅದರಾಗ ಬರ್ತೈತ್ರಿ, ಬ್ಯಾರೆ ಭಾಷಾದಾಗ ಎಣಿಸಿದ್ರ ತಪ್ಪತೀನಿ" ಎಂದರು.

ಎಂಜಿನ್ನು ಸಾಯುತ್ತಿದ್ದುದಕ್ಕೆ ಕಾರಣ ಬೇಗ ಸಿಕ್ಕಿತು. ನಮ್ಮ ಕಾರಿನ ಕೀಲಿಯಲ್ಲಿ ಒಂದು ಚಿಪ್ ಇರುತ್ತದೆ. ಅದನ್ನು ಗುರುತಿಸದಿದ್ದರೆ ಕಾರು ತನ್ನನ್ನು ಯಾರೋ ಕದಿಯುತ್ತಿದ್ದಾರೆಂದು ತಿಳಿದು ಎಂಜಿನ್ನು ಆರಿಸುತ್ತದೆ. ಅಂಗಡಿಯವರು ನಮ್ಮ ಎರಡನೇ ಕೀಲಿಯನ್ನು ಒಳಗೇ ಬಚ್ಚಿಟ್ಟು ಅದಕ್ಕೆ ತಂತಿಯ ಸುರುಳಿಯೊಂದನ್ನು ಸುತ್ತಿದ್ದರು. ಗಾಡಿ ಕುಲುಕಿ ಕುಲುಕಿ ಸುರುಳಿ ಜಾರಿತ್ತು. ಅವರು ಅದನ್ನು ಬಿಗಿಯಾಗಿ ಸುತ್ತಿ ದಾರ ಕಟ್ಟಿದರು. ಬಟನ್ ಒತ್ತಿದೆ. ಎಂಜಿನ್ನು ಎದ್ದು, ಸಾಯದೆ ನಡೆಯುತ್ತಲೇ ಇತ್ತು. ಮನೆಗೆ ಹೊರಡಲು ನಾನು ಪರ್ಸು ತೆಗೆದೆ.

ಅವರು ಮಾತ್ರ ಕೆಳಗಿನಿಂದ ಏಳಲಿಲ್ಲ.

ಅದು ಅವರ ಕ್ರಮವೆಂದು ಆಮೇಲೆ ತಿಳಿಯಿತು. ಕೆಟ್ಟಿದ್ದು ಸಿಕ್ಕ ಮೇಲೂ ಅಕ್ಕಪಕ್ಕದ ಒಂದೊಂದು ವೈರನ್ನೂ ಹಿಡಿದು ಅದು ಹೋಗುವ ತನಕ ಹೋಗುತ್ತಿದ್ದರು. ವೈರಿನ ಬಣ್ಣವನ್ನು ಎಂದೂ ನಂಬುತ್ತಿರಲಿಲ್ಲ. ಕೆಂಪು ಅಂದರೆ ಕರೆಂಟು, ಕಪ್ಪು ಅಂದರೆ ನೆಲ ಎಂದು ನಾವು ಓದಿಕೊಂಡವರು ಹೇಳಿದರೆ, ಕಟ್ಟಿದವನ ಕೈಗೆ ಅವತ್ತು ಯಾವುದು ಸಿಕ್ಕಿತ್ತೋ ಯಾರಿಗೆ ಗೊತ್ತು ಎನ್ನುತ್ತಿದ್ದರು. ಮೀಟರು ಇಟ್ಟುಕೊಂಡಿದ್ದರೂ ಹೆಚ್ಚು ಬಳಸುತ್ತಿದ್ದುದು ಎರಡು ತಂತಿ ಬೆಸೆದ ಸಣ್ಣ ಬಲ್ಬು. ತಾವು ಮುಟ್ಟಿದ ಪ್ರತಿ ವೈರಿಗೂ ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನ ತುಂಡು ಸುತ್ತಿ ಅದರ ಮೇಲೆ ಬಾಲ್‌ಪೆನ್ನಿನಿಂದ ಕನ್ನಡದಲ್ಲಿ ಬರೆಯುತ್ತಿದ್ದರು: ದೀಪ, ಗಾಳಿ, ಹಾರ್ನು, ನೆಲ. ನಾಲ್ಕನೇ ಇಯತ್ತೆಯವರೆಗೆ ಕಲಿತ ಅಕ್ಷರಗಳು, ದುಂಡಗಿದ್ದವು. ಬೇರೆ ಮೆಕ್ಯಾನಿಕ್ಕುಗಳು ಆ ಚೀಟಿಗಳನ್ನು ಓದಲಾರದೆ ಬೈದುಕೊಳ್ಳುತ್ತಿದ್ದರಂತೆ. ಕೆಲಸದ ಹೊತ್ತಿನಲ್ಲಿ ರೇಡಿಯೋ ಇಲ್ಲ, ಫೋನಿಲ್ಲ. ಗಿರಾಕಿ ಹೆಚ್ಚು ಮಾತಾಡಿದರೆ ಚಹಾ ಕುಡಿದು ಬರ್ರಿ ಎಂದು ಕಳಿಸುತ್ತಿದ್ದರು. ಬೇಕಾದ ಸಾಮಾನು ತರಲು ಸೋಮವಾರ ಕೋಠಿಯ ಬಜಾರಿಗೆ ಹೋಗುತ್ತಿದ್ದರು. ಬುಧವಾರ ಮಧ್ಯಾಹ್ನ ಎರಡಕ್ಕೆ ಶಟರು ಎಳೆದು ಎಲ್ಲಿಗೋ ಹೋಗುತ್ತಿದ್ದರು. ಎಂಥ ತುರ್ತಿದ್ದರೂ ಬುಧವಾರ ನಿಲ್ಲುತ್ತಿರಲಿಲ್ಲ.

ಆ ಮೊದಲ ದಿನ ಅವರು ಕೆಳಗೆ ಮಲಗಿಕೊಂಡೇ ಇದ್ದಾಗ ನನಗೆ ಬೇಸರ ಬರತೊಡಗಿತ್ತು. ಮನೆಯಲ್ಲಿ ಯಜಮಾನರು ಒಬ್ಬರೇ ಇದ್ದರು. ಆಮೇಲೆ ಅವರ ಕೈಯಾಡುವ ಸದ್ದು ನಿಂತಿತು. ಬಗ್ಗಿ ನೋಡಿದರೆ ಕಾಲಬುಡದ ಕಾರ್ಪೆಟ್ಟು ಎತ್ತಿ, ಬಾಡಿಯ ಬೋಲ್ಟೊಂದಕ್ಕೆ ಸುತ್ತಿದ್ದ ಒಂದು ವೈರನ್ನು ಬೆರಳಲ್ಲಿ ಹಿಡಿದಿದ್ದರು.

"ಯಾರ್ರಿ ಇದನ್ನ ಕಟ್ಟಿದ್ದು?" ಎಂದರು.

ಅಂಗಡಿಯವರು ಎಂದೆ. ಅವರು ಕಟ್ಟರ್ ತೆಗೆದು ಅದನ್ನು ಕತ್ತರಿಸಿಬಿಟ್ಟರು. ಬಾಕ್ಸು ಸತ್ತಿತು. ನನಗೆ ಸಿಟ್ಟು ಬಂತು. ಸರಿಯಾದದ್ದನ್ನು ಯಾಕೆ ಕೆಡಿಸಿದಿರಿ ಎಂದು ಜೋರಾಗಿಯೇ ಕೇಳಿದೆ. ಅವರು ಹೊರಗೆ ಬಂದು, ಕೈ ಒರೆಸಿಕೊಂಡು, ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದರು. ಗೇರು ಹಾಕಿ ನಿಲ್ಲಿಸಿದ ಗಾಡಿಯನ್ನು ಕ್ಲಚ್ ಒತ್ತದೆ ಸ್ಟಾರ್ಟ್ ಮಾಡಿದರೆ ಅದು ಮುಂದಕ್ಕೆ ನುಗ್ಗುತ್ತದೆ. ಕೀಲಿ ತಿರುಗಿಸುವಾಗ ಒಳಗೆ ಮನುಷ್ಯ ಇರುತ್ತಾನೆ, ಬ್ರೇಕ್ ಒತ್ತುತ್ತಾನೆ. ರಿಮೋಟು ಒತ್ತಿದಾಗ ಒಳಗೆ ಯಾರೂ ಇರುವುದಿಲ್ಲ. ಅದಕ್ಕೇ ಬಾಕ್ಸಿನವರು ಒಂದು ವೈರು ಕೊಟ್ಟಿರುತ್ತಾರೆ. ಗೇರು ನ್ಯೂಟ್ರಲ್ಲಿನಲ್ಲಿ ಇದ್ದಾಗ ಮಾತ್ರ ಆ ವೈರು ನೆಲ, ಅಂದರೆ ಗಾಡಿಯ ಕಬ್ಬಿಣದ ಮೈ, ಮುಟ್ಟಬೇಕು. ಮುಟ್ಟಿದರೆ ಮಾತ್ರ ಬಾಕ್ಸು ಎಂಜಿನ್ನು ಎಬ್ಬಿಸುತ್ತದೆ. ಕೈಯಿಂದ ಗೇರು ಬದಲಿಸದ ಆಟೋಮ್ಯಾಟಿಕ್ ಗಾಡಿಗಳಲ್ಲಿ ಅದನ್ನು ನೇರವಾಗಿ ಆ ಕಬ್ಬಿಣಕ್ಕೇ ಕಟ್ಟಿದರೂ ನಡೆಯುತ್ತದೆ. ನಮ್ಮದು ಗೇರಿನ ಗಾಡಿ. ಕೆಲಸ ಬೇಗ ಮುಗಿಯಲೆಂದು ಅಂಗಡಿಯವರು ಇದರಲ್ಲೂ ಹಾಗೇ ಕಟ್ಟಿದ್ದರು. ಎರಡು ವಾರ ನಾನು ಮೂರನೇ ಮಹಡಿಯಿಂದ ಬಟನ್ ಒತ್ತಿದ್ದೆ. ಕೆಳಗೆ ಅಪಾರ್ಟ್‌ಮೆಂಟಿನ ಮಕ್ಕಳು ಕಾರುಗಳ ನಡುವೆ ಆಡುತ್ತಿದ್ದವು.

ಮೂರು ದಿನ ಕಾರು ಇಟ್ಟುಕೊಂಡರು. ಗೇರಿನ ಹಿಡಿಕೆಯ ಬುಡದಲ್ಲಿ ಒಂದು ಸಣ್ಣ ಸ್ವಿಚ್ಚು ಕೂಡಿಸಿದರು. ಗೇರು ನ್ಯೂಟ್ರಲ್ಲಿಗೆ ಬಂದರೆ ಮಾತ್ರ ಅದು ಒತ್ತಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕಿಗೆ ಇನ್ನೊಂದು. ಎರಡೂ ಹೌದೆಂದರೆ ಮಾತ್ರ ವೈರು ನೆಲ ಮುಟ್ಟುತ್ತದೆ. ನಾಲ್ಕನೇ ದಿನ ನಾನು ಹೋದಾಗ ಕಾರನ್ನು ಕಂಪೌಂಡ್ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಗೋಡೆಗೂ ಬಂಪರಿಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ನನ್ನ ಕಣ್ಣೆದುರೇ ಮೊದಲನೇ ಗೇರು ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಬಾಗಿಲು ಮುಚ್ಚಿ, ರಿಮೋಟನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಹೋಗಿ ಆ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಬಂಪರಿಗೆ ಮೊಳಕಾಲು ತಾಗುವಂತೆ ನಿಂತರು.

"ಒತ್ತರಿ."

ನಾನು ಒಲ್ಲೆನೆಂದೆ. ಪಕ್ಕಕ್ಕೆ ಬನ್ನಿ, ಹಾಗೇ ನೋಡಬಹುದಲ್ಲ ಎಂದೆ. ಅವರು ಕದಲಲಿಲ್ಲ. ಪಂಕ್ಚರ್ ಅಂಗಡಿಯ ಮುದುಕ ಕೆಲಸ ಬಿಟ್ಟು ನೋಡುತ್ತಿದ್ದ.

"ನೀವು ನಾಳೆ ಮನ್ಯಾಗ ನಿಂತು ಒತ್ತೂವಾಗ ಇಲ್ಲಿ ಯಾರ ನಿಂತಿರ್ತಾರ ನಿಮಗ ಗೊತ್ತಾಗಂಗಿಲ್ರಿ. ಇವತ್ತ ನಾ ನಿಂತೀನಿ. ಒತ್ತರಿ."

ಒತ್ತಿದೆ. ಇಂಡಿಕೇಟರುಗಳು ಮೂರು ಸಲ ಮಿನುಗಿದವು. ಎಂಜಿನ್ನು ಏಳಲಿಲ್ಲ. ಅವರು ಇನ್ನೂ ನಾಲ್ಕು ಸಲ ಒತ್ತಿಸಿದರು. ಕೊನೆಗೆ ಗೋಡೆಯಿಂದ ಬೆನ್ನು ತೆಗೆದಾಗ ಅಂಗಿಗೆ ಸುಣ್ಣ ಹತ್ತಿತ್ತು. ಅದನ್ನು ಕೊಡವಿಕೊಳ್ಳದೆ ಒಳಗೆ ಹೋಗಿ ಕೂತರು.

ಹೀಗೆ ಯಾಕೆ ಮಾಡಿದರೆಂದು ತಿಳಿದದ್ದು ತಿಂಗಳ ಮೇಲೆ. ಬ್ಯಾಟರಿ ಇಳಿಯುತ್ತಿದೆ ಎಂದು ಮತ್ತೆ ಹೋಗಿದ್ದೆ. ಬಾಕ್ಸಿನೊಳಗಿನ ರಿಲೇ ಎಂಬ ಸ್ವಿಚ್ಚೊಂದು ರಾತ್ರಿಯೆಲ್ಲ ಎಚ್ಚರವಿದ್ದು ಕರೆಂಟು ಕುಡಿಯುತ್ತಿತ್ತು. ಅದನ್ನು ಬದಲಿಸುತ್ತ, ನಾನು ಕೇಳದೆಯೇ, ಕಾರಿನೊಳಗೆ ತಲೆ ಇಟ್ಟುಕೊಂಡೇ ಹೇಳಿದರು. ಬಹುಶಃ ಮುಖ ಕಾಣದಿದ್ದುದೇ ಅನುಕೂಲವಾಯಿತೇನೋ.

ಆರು ವರ್ಷದ ಹಿಂದೆ ಒಬ್ಬ ಗಿರಾಕಿ ಇಂಥದೇ ಬಾಕ್ಸು ತಂದಿದ್ದ. ಗೇರಿನ ಗಾಡಿಯೇ. ಇವರು ಸ್ವಿಚ್ಚು ಕೂಡಿಸಿದ್ದರು, ಅದು ಸರಿಯಾಗಿ ಒತ್ತಿಕೊಳ್ಳುತ್ತಿರಲಿಲ್ಲ. ಬೇರೆಯದನ್ನು ಕೋಠಿಯಿಂದ ತರಬೇಕು. ಗಿರಾಕಿಗೆ ಅವತ್ತೇ ಯಾವುದೋ ಮದುವೆಗೆ ಹೊರಡಬೇಕಿತ್ತು. ಎದುರಿಗೆ ನಿಂತು ಗಡಿಯಾರ ನೋಡುತ್ತಿದ್ದ. ಇವರು ವೈರನ್ನು ಬೋಲ್ಟಿಗೆ ಸುತ್ತಿದರು. ಇವತ್ತಿನ ಮಟ್ಟಿಗೆ ಅಷ್ಟೆ, ಗೇರಿನಲ್ಲಿ ನಿಲ್ಲಿಸಬೇಡಿ, ನಾಳೆ ತನ್ನಿ, ಸರಿ ಮಾಡುತ್ತೇನೆ ಎಂದರು. ಅವನು ತರಲಿಲ್ಲ. ಬಟನ್ ಒತ್ತಿದರೆ ಗಾಡಿ ಎದ್ದೇಳುತ್ತಿರುವಾಗ ಯಾಕೆ ತರುತ್ತಾನೆ? ಇವರೂ ಫೋನ್ ಮಾಡಲಿಲ್ಲ. ನಾಲ್ಕು ದಿನ ನೆನಪಿತ್ತು, ಆಮೇಲೆ ಮರೆತರು.

ಎರಡು ತಿಂಗಳ ನಂತರ ಅವನೇ ಬಂದು ಬಾಕ್ಸು ಬಿಚ್ಚಿಕೊಡಿ ಎಂದ. ಯಾಕೆಂದು ಕೇಳಿದ್ದಕ್ಕೆ ಹೇಳಿದ. ಬಾಲ್ಕನಿಯಿಂದ ಬಟನ್ ಒತ್ತಿದಾಗ ಗಾಡಿ ಗೇರಿನಲ್ಲಿತ್ತು. ಮುಂದೆ ಅವರ ವಾಚ್‌ಮನ್ ಬಗ್ಗಿ ಬಂಪರು ಒರೆಸುತ್ತಿದ್ದ. ಗಾಡಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡ. ಬಲಗಾಲನ್ನು ಮೊಳಕಾಲಿನ ಮೇಲಕ್ಕೆ ಕತ್ತರಿಸಬೇಕಾಯಿತು, ಎಡಗಾಲಿಗೆ ರಾಡು. ಹ್ಯಾಂಡ್‌ಬ್ರೇಕ್ ಜಾರಿತೆಂದು ಎಲ್ಲರಿಗೂ ಹೇಳಿದ್ದೇನೆ, ನೀನೂ ಸುಮ್ಮನಿರು ಎಂದು ಗಿರಾಕಿ ಹೇಳಿಹೋದ. ಉಸ್ತಾದ್ ತಮ್ಮ ಕೈಯಿಂದಲೇ ಆ ಬೋಲ್ಟು ಬಿಚ್ಚಿದರು. ವೈರಿಗೆ ಸುತ್ತಿದ ಪ್ಲಾಸ್ಟರಿನ ಮೇಲೆ ಅವರದೇ ಅಕ್ಷರವಿತ್ತು.

ಯಾರೂ ಅವರನ್ನು ಕೇಳಲಿಲ್ಲ. ಪೊಲೀಸರು ಬರಲಿಲ್ಲ. ಅವರೇ ಆಸ್ಪತ್ರೆಗೆ ಹುಡುಕಿಕೊಂಡು ಹೋದರು, ತಪ್ಪೊಪ್ಪಿಕೊಳ್ಳಲೆಂದೇ. ಹಾಸಿಗೆಯ ಹತ್ತಿರ ಹೋದರೆ ಆ ವಾಚ್‌ಮನ್ ಹೆಂಡತಿಯ ಹತ್ತಿರ ಕನ್ನಡದಲ್ಲಿ ನೀರು ಕೇಳುತ್ತಿದ್ದ. ಯಾದಗಿರಿಯ ಕಡೆಯವನು, ಹೆಸರು ಭೀಮಣ್ಣ. ಇವರ ಬಾಯಲ್ಲಿ ಕನ್ನಡ ಕೇಳಿದ್ದೇ ಭೀಮಣ್ಣ ಇವರ ಕೈ ಹಿಡಿದುಕೊಂಡು ಅತ್ತುಬಿಟ್ಟ. ಯಾವೂರಣ್ಣ ಎಂದು ಕೇಳಿದ. ಇವರು ಊರಿನ ಹೆಸರು ಹೇಳಿದರು. ಹೇಳಲು ಹೋದ ಮಾತು ಹೊರಗೆ ಬರಲಿಲ್ಲ.

ಅಲ್ಲಿಂದ ಬುಧವಾರಗಳು ಶುರುವಾದವು. ಭೀಮಣ್ಣನ ಮನೆ ಬೋರಬಂಡಾದ ಗುಡ್ಡದ ಓಣಿಯಲ್ಲಿ, ಕಡಿದಾದ ಮೆಟ್ಟಿಲುಗಳ ಮೇಲೆ, ಒಂದೇ ಕೋಣೆ. ಹೆಂಡತಿ ನಾಲ್ಕಾರು ಮನೆಗಳ ಕಸಮುಸುರೆಗೆ ಹೋಗುತ್ತಿದ್ದಳು. ಭೀಮಣ್ಣನಿಗೆ ಕೆಳಗೆ ಇಳಿಯಲಾಗುತ್ತಿರಲಿಲ್ಲ. ಬುಧವಾರ ಮಧ್ಯಾಹ್ನ ಉಸ್ತಾದ್ ಹೋಗಿ ಅವನನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿದು, ರಸ್ತೆ ಬದಿಯ ಚಹಾದ ಅಂಗಡಿಯ ಬೆಂಚಿನಲ್ಲಿ ಕೂಡಿಸುತ್ತಿದ್ದರು. ಇಬ್ಬರೂ ಹೋಗಿಬರುವ ಬಸ್ಸು, ಆಟೋ, ಜನ ನೋಡುತ್ತ ಊರಿನ ಕಡೆಯ ಮಾತಾಡುತ್ತಿದ್ದರು. ಬೆಳಕಿರುವಾಗಲೇ ಮತ್ತೆ ಹೊತ್ತು ಮೇಲೆ ಬಿಡುತ್ತಿದ್ದರು. ಆರು ವರ್ಷ, ಬಹುತೇಕ ಒಂದು ವಾರವೂ ತಪ್ಪದೆ.

"ಬೆನ್ನ ಮ್ಯಾಲ ಕುಂತಾಗೆಲ್ಲ ಕಿವ್ಯಾಗ ಹೇಳ್ತಾನ್ರಿ, ನೀ ನನ್ನ ಒಡಹುಟ್ಟಿದಾಂವಲೇ ಅಂತ. ನಾ ಮೆಟ್ಟಲ ನೋಡಕೋತ ಇಳೀತೀನಿ."

ನಾನು ಆಗ ಹೇಳಿದ ಮಾತನ್ನು ಇಲ್ಲಿ ಇದ್ದಂತೆಯೇ ಬರೆಯಬೇಕು. ನಮ್ಮ ಪ್ರಯೋಗಾಲಯದಲ್ಲಿ ತಪ್ಪಾದರೆ ಅದನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡುತ್ತೇವೆ. ಬರೆದ ಮೇಲೆ ಅದು ನಮ್ಮೊಬ್ಬರ ತಪ್ಪಾಗಿ ಉಳಿಯುವುದಿಲ್ಲ. ಎಲ್ಲರೂ ಕೂತು ಅದಕ್ಕೆ ದಾರಿ ಹುಡುಕುತ್ತಾರೆ. ಬಚ್ಚಿಟ್ಟ ತಪ್ಪು ಮಾತ್ರ ಕೊಳೆಯುತ್ತದೆ. ಇಪ್ಪತ್ತು ವರ್ಷ ನಾನು ನಂಬಿ ನಡೆದದ್ದು ಇದು. ಅದನ್ನೇ ಅವರಿಗೆ ಹೇಳಿದೆ. "ಹೇಳಿಬಿಡ್ರಿ. ಆರು ವರ್ಷ ನೋಡ್ಯಾನ ನಿಮ್ಮನ್ನ, ತಿಳಕೋತಾನ. ನಿಮಗೂ ಹಗುರಾಗತೈತಿ" ಎಂದೆ.

ಅವರು ರಿಲೇ ಕೂಡಿಸಿ ಮುಗಿಸಿ ಹೊರಗೆ ಬಂದರು. ಎರಡು ವಾರದ ನಂತರ ಫೋನ್ ಮಾಡಿ, ಈ ಬುಧವಾರ ನೀವೂ ಬರುತ್ತೀರಾ, ಒಬ್ಬನೇ ಹೋದರೆ ನನಗೆ ಬಾಯಿ ಬರುವುದಿಲ್ಲ ಎಂದು ಕೇಳಿದರು. ಅರ್ಧ ದಿನ ರಜೆ ಹಾಕಿ ಹೋದೆ.

ಭೀಮಣ್ಣ ನನಗಿಂತ ಚಿಕ್ಕವನು. ನಲವತ್ತು ದಾಟಿರಲಿಕ್ಕಿಲ್ಲ. ಉಸ್ತಾದರ ಬೆನ್ನ ಮೇಲೆ ಕೂತು ಇಳಿಯುವಾಗ ಓಣಿಯ ಹೆಂಗಸರನ್ನೆಲ್ಲ ತೆಲುಗಿನಲ್ಲಿ ಮಾತಾಡಿಸುತ್ತ ಬಂದ. ನಾನು ಕನ್ನಡದವಳೆಂದು ಗೊತ್ತಾಗಿ, ಅಂಗಡಿಯವನಿಗೆ ಹೇಳಿ ನನಗೆಂದೇ ಬೆಂಚನ್ನು ಒರೆಸಿಸಿದ. ನಿಮ್ಮ ಕಡೆ ಮಳೆ ಹೇಗೆ ಎಂದು ಕೇಳಿದ. ಉಸ್ತಾದ್ ಚಹಾದ ಲೋಟ ಮುಟ್ಟಲಿಲ್ಲ. ಮೊಳಕಾಲ ಮೇಲೆ ಎರಡೂ ಕೈ ಊರಿಕೊಂಡು, ನೆಲ ನೋಡುತ್ತ, ಒಂದೇ ಉಸಿರಿಗೆ ಹೇಳಿಬಿಟ್ಟರು. ಆ ಬಾಕ್ಸು ಕೂಡಿಸಿದ್ದು ನಾನು. ವೈರು ಕಟ್ಟಿದ್ದು ನಾನು. ಹ್ಯಾಂಡ್‌ಬ್ರೇಕ್ ಜಾರಿರಲಿಲ್ಲ.

ಭೀಮಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಯಾವ ಬಾಕ್ಸು ಎಂದು ಕೇಳಿದ. ಉಸ್ತಾದ್ ಇನ್ನೊಮ್ಮೆ ನಿಧಾನವಾಗಿ ಹೇಳಿದರು. ಅವನು ತನ್ನ ಖಾಲಿ ಪೈಜಾಮದ ಕಾಲನ್ನು ನೋಡಿದ, ಅವರ ಕೈಗಳನ್ನು ನೋಡಿದ.

"ದವಾಖಾನಿಗೆ ಬಂದಾಗ ಗೊತ್ತಿತ್ತೇನ ನಿನಗ?"

"ಗೊತ್ತಿತ್ತು."

"ಅಷ್ಟ ದಿನದಿಂದ ಗೊತ್ತಿಟಕೊಂಡು ಹೊತ್ತಿ ನನ್ನ?"

ಉಸ್ತಾದ್ ಹೌದೆಂದು ತಲೆ ಆಡಿಸಿದರು. ಭೀಮಣ್ಣ ಚಹಾ ಹಾಗೇ ಬಿಟ್ಟ. ಮನೆಗೆ ಹೋಗುತ್ತೇನೆ ಎಂದ. ಉಸ್ತಾದ್ ಅಭ್ಯಾಸದಂತೆ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಬೆನ್ನು ಕೊಟ್ಟರು. ಭೀಮಣ್ಣ ಆ ಬೆನ್ನನ್ನು ಮುಟ್ಟಲಿಲ್ಲ. ಬೆಂಚಿನಿಂದ ನೆಲಕ್ಕೆ ಜಾರಿ, ಕೈಯೂರಿ ತೆವಳಿಕೊಂಡು ಮೆಟ್ಟಿಲಿನ ಬುಡಕ್ಕೆ ಹೋದ. ಹಿಂದುಮುಂದಾಗಿ ತಿರುಗಿ ಮೊದಲ ಮೆಟ್ಟಿಲ ಮೇಲೆ ಕೂತ. ಎರಡೂ ಅಂಗೈ ಮೇಲಿನ ಮೆಟ್ಟಿಲಿಗೆ ಊರಿ ದೇಹವನ್ನು ಎತ್ತಿಕೊಂಡ. ಒಂದು. ಮತ್ತೆ ಕೈ ಮೇಲಿಟ್ಟ. ರಾಡು ಹಾಕಿದ ಎಡಗಾಲು ಪ್ರತಿ ಸಲವೂ ಕಲ್ಲಿಗೆ ಬಡಿಯುತ್ತಿತ್ತು.

ಉಸ್ತಾದ್ ಎರಡು ಮೆಟ್ಟಿಲು ಕೆಳಗೆ, ಎರಡೂ ತೋಳನ್ನು ಅರ್ಧ ಚಾಚಿಕೊಂಡು, ಮುಟ್ಟದೆ, ಹಿಂದೆಯೇ ಏರಿದರು. ಇಬ್ಬರೂ ಎದುರುಬದುರಾಗಿದ್ದರು. ಓಣಿಯವರು ಬಾಗಿಲಿಗೆ ಬಂದು ನಿಂತರು, ಒಬ್ಬನು ಎತ್ತಲು ಬಂದ, ಭೀಮಣ್ಣ ಅವನನ್ನೂ ತಳ್ಳಿದ. ನಾನು ಕೆಳಗೇ ನಿಂತಿದ್ದೆ. ಕೊನೆಯ ಮೆಟ್ಟಿಲು ತಲುಪುವಷ್ಟರಲ್ಲಿ ಅವನ ಅಂಗೈ ಕಿತ್ತು ಕಲ್ಲಿನ ಮೇಲೆ ರಕ್ತದ ಗುರುತು ಬಿದ್ದಿತ್ತು. ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಅವನು ಅಂದದ್ದು ನನಗೆ ಕೆಳಗಿನವರೆಗೂ ಕೇಳಿಸಿತು.

"ಇನ್ನ ಬರಬ್ಯಾಡ."

ಆಮೇಲೆ ಉಸ್ತಾದ್ ಅಲ್ಲಿಗೆ ಹೋಗಲಿಲ್ಲ. ನನ್ನ ಮೇಲೆ ಅವರು ಎಂದೂ ತಪ್ಪು ಹೊರಿಸಲಿಲ್ಲ. ಹೊರಿಸಿದ್ದರೆ ಚೆನ್ನಾಗಿತ್ತು. ನಾನೇ ಎರಡು ಮೂರು ಸಲ, ಇನ್ನೊಮ್ಮೆ ಹೋಗಿ ನೋಡಿ ಎಂದೆ. ಬರಬೇಡ ಎಂದಿದ್ದಾನಲ್ಲ ಎಂದಷ್ಟೇ ಹೇಳಿದರು. ಬುಧವಾರ ಮಧ್ಯಾಹ್ನ ಮೊದಲಿನಂತೆಯೇ ಎರಡಕ್ಕೆ ಶಟರು ಅರ್ಧ ಎಳೆಯುತ್ತಿದ್ದರು. ಹೊರಗೆ ಹೋಗುತ್ತಿರಲಿಲ್ಲ, ಒಳಗೆ ಕೂತಿರುತ್ತಿದ್ದರು. ಪಂಕ್ಚರ್ ಅಂಗಡಿಯ ಮುದುಕ ಹೇಳುವ ಪ್ರಕಾರ ಆ ಹೊತ್ತಿನಲ್ಲಿ ಬಲ್ಬು ಕೂಡ ಹಾಕುತ್ತಿರಲಿಲ್ಲ. ರಿಮೋಟಿನ ಕೆಲಸ ತಂದವರನ್ನು ವಾಪಸು ಕಳಿಸತೊಡಗಿದರು. ಆಮೇಲೆ ದೊಡ್ಡ ಕೆಲಸಗಳನ್ನೂ ಬಿಟ್ಟರು. ಕಡೆಕಡೆಗೆ ದೀಪ, ಹಾರ್ನು, ಡೈನಮೋ ಅಷ್ಟೇ. ಒಮ್ಮೆ ನಾನು ಹೋದಾಗ ಒಂದೇ ವೈರನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಮಾತಾಡಿಸಿದರೆ, ಎಲ್ಲಿಂದ ಶುರು ಮಾಡಿದೆನೋ ಮರೆತುಹೋಯಿತು ಎಂದರು.

ನನಗೂ ಆ ಕಡೆ ಹೋಗುವುದು ಕಡಿಮೆಯಾಯಿತು. ಯಜಮಾನರ ಕಾಯಿಲೆ ಹೆಚ್ಚಿ, ಫಿಜಿಯೊಥೆರಪಿಯವರೇ ಮನೆಗೆ ಬರುವಂತಾಯಿತು. ಕಾರು ವಾರಕ್ಕೊಮ್ಮೆ ಕದಲಿದರೆ ಹೆಚ್ಚು. ಹೋಗಬೇಕೆಂದು ಅಂದುಕೊಂಡು, ಏನು ಮಾತಾಡುವುದೆಂದು ತಿಳಿಯದೆ ಮುಂದಕ್ಕೆ ಹಾಕುತ್ತ, ಒಂದು ವರ್ಷದ ಮೇಲೆ ಕಳೆಯಿತು. ಆಮೇಲೆ ಆ ಹಾರ್ನು, ಇಳಿದ ಶಟರು.

ಭೀಮಣ್ಣನಿಗೆ ಯಾರು ಹೇಳಿರುತ್ತಾರೆ ಎಂಬ ಯೋಚನೆ ಮನೆಗೆ ಬರುವ ದಾರಿಯಲ್ಲೇ ಹತ್ತಿತು. ಯಾರೂ ಇಲ್ಲ. ನಾಲ್ಕು ದಿನ ತಡೆದೆ. ಐದನೇ ದಿನ ಬೋರಬಂಡಾಕ್ಕೆ ಹೋದೆ. ಅವತ್ತು ಬುಧವಾರವೆಂಬುದು ನನಗೆ ಅಲ್ಲಿಗೆ ಹೋದ ಮೇಲೆ ಹೊಳೆಯಿತು, ಯಾಕೆಂದರೆ ಭೀಮಣ್ಣ ಕೆಳಗೆ, ಚಹಾದ ಅಂಗಡಿಯ ಬೆಂಚಿನ ಮೇಲೆ, ಒಬ್ಬನೇ ಕೂತಿದ್ದ. ಅಂಗೈಗಳಿಗೆ ಹಳೆಯ ಟಯರಿನ ತುಂಡು ಕಟ್ಟಿಕೊಂಡಿದ್ದ. ನನ್ನನ್ನು ಗುರುತಿಸಿದ. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಕತ್ತು ಚಾಚಿ ನೋಡಿದ.

ಹೇಳಿದೆ. ಅವನು ಅಳಲಿಲ್ಲ. ಅಂಗೈಯ ಟಯರಿನ ಹಗ್ಗ ಬಿಚ್ಚಿದ, ಮತ್ತೆ ಕಟ್ಟಿದ. ಯಾವ ವಾರ ಹೋದ, ಸೋಮವಾರವೋ ಬುಧವಾರವೋ, ಎಂದು ಕೇಳಿದ. ನನಗೆ ತಟ್ಟನೆ ಲೆಕ್ಕ ಹಾಕಲಾಗಲಿಲ್ಲ. ಊರಿಗೆ ಒಯ್ದರಾ ಎಂದು ಕೇಳಿದ. ಹೌದೆಂದೆ. ಅದೊಂದು ಒಳ್ಳೆಯದಾಯಿತು ಎಂದ.

"ಬರಬ್ಯಾಡ ಅಂದಿದ್ದು ಸಿಟ್ಟಿಲೆ ಅಂದಿದ್ನಿರಿ. ಹದಿನೈದ ದಿನ ಇತ್ತೇನೋ ಸಿಟ್ಟು. ಆಮ್ಯಾಲ ವಾರಾ ವಾರಾ ಇಳದು ಕುಂದರಾಕತ್ತೀನಿ, ಬಂದ್ರ ಮಾತಾಡಸಬೇಕಂತ."

ಫೋನ್ ಮಾಡಬಹುದಿತ್ತಲ್ಲ ಎಂದೆ. ನಂಬರಿತ್ತು, ಏನಂತ ಮಾಡಲಿ, ಎಂದ.

ರಸ್ತೆಯಲ್ಲಿ ಬಸ್ಸೊಂದು ಬಂದು ನಿಂತಿತು. ಜನ ಇಳಿದರು. ಅವನು ಇಳಿದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ಬಸ್ಸು ಹೋದ ಮೇಲೆ ನನ್ನ ಕಡೆ ತಿರುಗಿದ.

"ಅವತ್ತ ನನಗ ಹೇಳಂತ ಆಂವಗ ಹೇಳಿದ್ದು ನೀವೇನ್ರಿ?"

ಹೌದು ಎಂದೆ.

ಅವನು ಬೈಯಲಿ ಎಂದು ಕಾಯುತ್ತಿದ್ದೆ.

"ಹೇಳಬೇಕಾಗಿತ್ತು ಬಿಡ್ರಿ, ಖರೇ ಐತಿ" ಎಂದ ಕೊನೆಗೆ, ಮೆಲ್ಲಗೆ. "ಆದ್ರ ಹೇಳದ ಇದ್ದಿದ್ರ, ಇವತ್ತ ಬರ್ತಿದ್ದ."